ಸೋಂಕು, ಮಂಕು, ಮರೆವು: ಎಚ್‌ಐವಿ ಮತ್ತು ಮಿದುಳಿನ ಅರಿವಿನ ಶಕ್ತಿ

ಕನ್ನಡದಲ್ಲಿ ‘ಸೋಂಕು’ ಎಂಬ ಪದಕ್ಕೆ ಮುಟ್ಟುವುದು, ತಾಗುವುದು ಎಂಬುದೇ ಮೂಲಾರ್ಥ. ‘ಸೋಕು’ ಅದರ ಇನ್ನೊಂದು ರೂಪ. ಆಧುನಿಕ ವೈದ್ಯಶಾಸ್ತ್ರದ ಪರಿಭಾಷೆಯು ರೋಗಾಣುವಿನ ಪ್ರವೇಶವನ್ನು ಸೂಚಿಸಲು ಈ ಪದವನ್ನು ಸ್ವೀಕರಿಸುವುದಕ್ಕೆ ಬಹುಕಾಲ ಮೊದಲೇ ಜನಪದರು ಇದನ್ನು ಮೈಲಿಗೆಯ ಸಂದರ್ಭದಲ್ಲಿಯೂ ದೆವ್ವ, ಗಾಳಿಗಳ ಸಂದರ್ಭದಲ್ಲಿಯೂ ಬಳಸುತ್ತ ಬಂದಿದ್ದಾರೆ. ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋಗಿ ಬಂದವನು ಮಾತು ಬಿಟ್ಟು ಕುಳಿತರೆ, ಕರೆದರೂ ತಿರುಗಿ ನೋಡದಿದ್ದರೆ, ಅವನಿಗೆ ‘ಗಾಳಿ ಸೋಕಿದೆ’ ಎನ್ನುವುದು ವಾಡಿಕೆ. ಎಚ್‌ಐವಿ ಕುರಿತ ಪ್ರಚಾರ ಸಾಹಿತ್ಯ ಕನ್ನಡದಲ್ಲಿ ಸಿದ್ಧವಾದಾಗ ಈ ಹಳೆಯ ಪದವೇ ‘ಎಚ್‌ಐವಿ ಸೋಂಕು’ ಎಂದು ಹೊಸ ಕೆಲಸಕ್ಕೆ ನಿಯುಕ್ತವಾಯಿತು. ಮುಟ್ಟುವುದರಿಂದ ಹರಡದ ವೈರಾಣುವಿಗೆ ಮುಟ್ಟುವುದೆಂಬ ಅರ್ಥದ ಪದ ಅಂಟಿಕೊಂಡಿತು. ಮುಟ್ಟಿದರೆ ಹರಡುವುದಿಲ್ಲವೆಂದು ಅದೇ ಪ್ರಚಾರ ಸಾಹಿತ್ಯ ಮತ್ತೆ ಮತ್ತೆ ಹೇಳಬೇಕಾಗಿ ಬಂದುದರಲ್ಲಿ ಈ ಪದದ ಪಾಲೂ ಇದ್ದೀತು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು ಮತ್ತು ಹೆಚ್ಚು ಹಾನಿಕರವಾದುದು. ಎಚ್‌ಐವಿ ಸೋಂಕಿತರಲ್ಲಿ ಕೆಲವರಿಗೆ ಕಾಲಕ್ರಮದಲ್ಲಿ ಮಾತು ಕಡಿಮೆಯಾಗುತ್ತದೆ, ಕೆಲಸ ನಿಧಾನವಾಗುತ್ತದೆ, ಲೆಕ್ಕ ತಪ್ಪುತ್ತದೆ, ಯಾವುದರಲ್ಲಿಯೂ ಆಸಕ್ತಿ ಇಲ್ಲದಂತಾಗುತ್ತದೆ. ಮನೆಯವರ ಕಣ್ಣಿಗೆ ಇದು ಸೋಮಾರಿತನವಾಗಿ, ಚಿಂತೆಯಾಗಿ, ಕೆಲವೊಮ್ಮೆ ಗಾಳಿಯಾಗಿ ಕಾಣಿಸುತ್ತದೆ. ವೈರಾಣುವಿನ ಕೆಲಸವಾಗಿ ಕಾಣಿಸುವುದು ಅಪರೂಪ. ಎಚ್‌ಐವಿಯು ಮಿದುಳಿನ ಮೇಲೆ ಮಾಡುವ ಪರಿಣಾಮವೇನು, ಅದನ್ನು ಗುರುತಿಸುವ ಪರೀಕ್ಷೆಗಳು ಅಕ್ಷರಬಲ್ಲವರಲ್ಲದ ಸಮುದಾಯಗಳಲ್ಲಿ ಎಷ್ಟರಮಟ್ಟಿಗೆ ನಂಬಲರ್ಹ ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಒಟ್ಟಿಗೆ ಪರಿಶೀಲಿಸುತ್ತದೆ. ಮೊದಲನೆಯದು ನರವಿಜ್ಞಾನದ ಪ್ರಶ್ನೆ. ಎರಡನೆಯದು ಜಾನಪದ ಅಧ್ಯಯನವೂ ಮಾತನಾಡಬೇಕಾದ ಪ್ರಶ್ನೆ.

ಕರ್ನಾಟಕದ ಜನಪದರು ಸಾಂಕ್ರಾಮಿಕ ರೋಗಗಳನ್ನು ದೇವತೆಗಳನ್ನಾಗಿ ಎದುರುಗೊಂಡ ಪರಂಪರೆ ಸುಪರಿಚಿತ. ಸಿಡುಬು ಮಾರಿಯಮ್ಮನ ಬರವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಪ್ಲೇಗು ಪ್ಲೇಗಮ್ಮನಾಯಿತು. ೧೯೯೭ರಲ್ಲಿ ಮಂಡ್ಯ ಜಿಲ್ಲೆಯ ಗ್ರಾಮವೊಂದರಲ್ಲಿ ಶಾಲಾ ಶಿಕ್ಷಕರೊಬ್ಬರ ಮುತುವರ್ಜಿಯಿಂದ ‘ಏಡ್ಸಮ್ಮ’ನ ಗುಡಿ ಸ್ಥಾಪಿತವಾದುದು ಈ ಪರಂಪರೆಯ ಪ್ರಜ್ಞಾಪೂರ್ವಕ ಮುಂದುವರಿಕೆ. ಅಲ್ಲಿ ಉದ್ದೇಶ ಪೂಜೆಗಿಂತ ತಿಳಿವಳಿಕೆಯೇ ಆಗಿತ್ತು. ಗಮನಿಸಬೇಕಾದ ಅಂಶವೆಂದರೆ, ರೋಗದೇವತೆಯರ ಈ ಪರಂಪರೆ ಮೈಯನ್ನು ಓದುವ ಪರಂಪರೆ. ಗುಳ್ಳೆ, ಗಡ್ಡೆ, ಜ್ವರ, ಸೊರಗುವಿಕೆ ಮುಂತಾದ ಮೈಮೇಲಿನ ಗುರುತುಗಳಿಂದ ಅಮ್ಮನ ಬರವು ತಿಳಿಯುತ್ತದೆ. ಮನಸ್ಸಿನ ಏರುಪೇರುಗಳಿಗೆ ಕಾರಣವೇ ಬೇರೆ, ಅವುಗಳನ್ನು ಬಿಡಿಸುವವರೇ ಬೇರೆ. ಮೈ ಸೊರಗಿದರೆ ಆಸ್ಪತ್ರೆ, ಮನಸ್ಸು ಮಂಕಾದರೆ ಮಂತ್ರವಾದಿ ಎಂಬ ಈ ವಿಂಗಡಣೆಯಿಂದಾಗಿ, ಒಂದೇ ವೈರಾಣು ಎರಡನ್ನೂ ಮಾಡಬಲ್ಲುದು ಎಂಬ ತಿಳಿವಳಿಕೆಗೆ ಜನರ ರೋಗಕಲ್ಪನೆಯಲ್ಲಿ ಎಡೆ ಸಿಕ್ಕಿಲ್ಲ.

ವೈದ್ಯಕೀಯ ಲೋಕದಲ್ಲಿಯೂ ಈ ತಿಳಿವಳಿಕೆ ಒಮ್ಮೆಗೇ ಬಂದುದಲ್ಲ. ೧೯೮೧ರಲ್ಲಿ ಅಮೆರಿಕೆಯಲ್ಲಿ ಏಡ್ಸ್‌ನ ಮೊದಲ ಪ್ರಕರಣಗಳು ವರದಿಯಾದವು. ೧೯೮೩ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಾಣು ಪ್ರತ್ಯೇಕಿಸಲ್ಪಟ್ಟಿತು. ರೋಗಿಗಳಲ್ಲಿ ಕಾಣುತ್ತಿದ್ದ ಮಾನಸಿಕ ಕುಗ್ಗುವಿಕೆಯನ್ನು ಆರಂಭದಲ್ಲಿ ಖಿನ್ನತೆಯೆಂದೋ ಇತರ ರೋಗಾಣುಗಳ ಪರಿಣಾಮವೆಂದೋ ಭಾವಿಸುವುದು ಸಹಜವಾಗಿತ್ತು. ೧೯೮೬ರಲ್ಲಿ ನೇವಿಯಾ, ಜೋರ್ಡನ್ ಮತ್ತು ಪ್ರೈಸ್ ಎಂಬ ನರವಿಜ್ಞಾನಿಗಳು ‘ಏಡ್ಸ್ ಡಿಮೆನ್ಷಿಯಾ ಕಾಂಪ್ಲೆಕ್ಸ್’ ಎಂದು ಹೆಸರಿಸಿ ಅದರ ಲಕ್ಷಣಗಳನ್ನು ವಿವರಿಸಿದರು. ಅದೇ ವರ್ಷ ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಅವರ ನೇತೃತ್ವದಲ್ಲಿ ಭಾರತದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದವು.

ವೈರಾಣು ಮಿದುಳನ್ನು ತಲುಪುವುದು ರೋಗದ ಕೊನೆಯ ಘಟ್ಟದಲ್ಲಿ ಎಂಬ ಭಾವನೆ ಈಗ ಉಳಿದಿಲ್ಲ. ಥಾಯ್ಲೆಂಡಿನಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೋಂಕು ತಗಲಿದ ಸುಮಾರು ಎಂಟು ದಿನಗಳಲ್ಲಿಯೇ ಮಿದುಳು-ಬೆನ್ನುಹುರಿಯ ದ್ರವದಲ್ಲಿ ವೈರಾಣುವಿನ ಅಂಶ ಕಂಡುಬಂದಿದೆ. ರಕ್ತದಲ್ಲಿನ ಬೇಡದ ವಸ್ತುಗಳು ಮಿದುಳನ್ನು ಸೇರದಂತೆ ತಡೆಯುವ ಒಂದು ತಡೆಗೋಡೆ ಇದೆ. ಆದರೆ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಕೆಲವು ಬಿಳಿ ರಕ್ತಕಣಗಳಿಗೆ ಈ ಗೋಡೆಯನ್ನು ದಾಟುವ ಪರವಾನಗಿ ಇದೆ. ವೈರಾಣು ಮುಖ್ಯವಾಗಿ ಈ ಕಣಗಳೊಳಗೆ ಅಡಗಿಯೇ ಮಿದುಳನ್ನು ಸೇರುತ್ತದೆ. ಕಾವಲುಗಾರನ ಕಂಬಳಿಯೊಳಗೆ ಕಳ್ಳ ಬಂದಂತೆ. ಒಳಗೆ ಸೇರಿದ ಮೇಲೆ ಮಿದುಳಿನ ಕಾವಲು ಜೀವಕೋಶಗಳಾದ ಮೈಕ್ರೊಗ್ಲಿಯಾಗಳನ್ನೂ ರಕ್ತನಾಳಗಳ ಸುತ್ತಲಿನ ಮ್ಯಾಕ್ರೊಫೇಜ್‌ಗಳನ್ನೂ ಆಶ್ರಯಿಸುತ್ತದೆ.

ಅರಿವಿನ ಕೆಲಸ ಮಾಡುವ ನರಕೋಶಗಳನ್ನು ಎಚ್‌ಐವಿ ಪ್ರವೇಶಿಸುವುದಿಲ್ಲ. ಅವುಗಳಿಗೆ ಆಗುವ ಹಾನಿ ನೆರೆಮನೆಯ ಜಗಳದಿಂದ ಆಗುವ ಹಾನಿ. ಸೋಂಕಿತ ಮೈಕ್ರೊಗ್ಲಿಯಾಗಳಿಂದ ಹೊರಬರುವ ಜಿಪಿ-೧೨೦, ಟ್ಯಾಟ್ ಮುಂತಾದ ವೈರಾಣುವಿನ ಪ್ರೋಟೀನುಗಳೂ, ಉದ್ರೇಕಗೊಂಡ ರೋಗನಿರೋಧಕ ಕೋಶಗಳು ಸ್ರವಿಸುವ ಉರಿಯೂತದ ರಾಸಾಯನಿಕಗಳೂ ನರಕೋಶಗಳಿಗೆ ವಿಷವಾಗುತ್ತವೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಮಿತಿಮೀರಿ ಅವುಗಳನ್ನು ಅತಿಯಾಗಿ ಕೆರಳಿಸುತ್ತದೆ. ಪರಿಣಾಮವಾಗಿ ಒಂದು ನರಕೋಶ ಮತ್ತೊಂದರೊಡನೆ ಸಂಪರ್ಕ ಸಾಧಿಸುವ ಕವಲುಗಳು ಸವೆಯುತ್ತವೆ, ಸಂಧಿಸ್ಥಾನಗಳು ಕಡಿಮೆಯಾಗುತ್ತವೆ. ಸತ್ತ ನರಕೋಶಗಳ ಸಂಖ್ಯೆಗಿಂತ ಈ ಸಂಪರ್ಕಗಳ ಸವೆತವೇ ಅರಿವಿನ ಕುಂದಿಗೆ ಹೆಚ್ಚು ನಿಕಟವಾಗಿ ಸಂಬಂಧಿಸಿದೆ ಎಂಬುದು ಈ ಕ್ಷೇತ್ರದ ಮಹತ್ವದ ತಿಳಿವಳಿಕೆ. ಸತ್ತ ಕೋಶ ಮರಳಿ ಬರುವುದಿಲ್ಲ. ಸವೆದ ಸಂಪರ್ಕ ಸ್ವಲ್ಪಮಟ್ಟಿಗಾದರೂ ಚಿಗುರಬಹುದು.

ಮಿದುಳಿನ ಆಳದಲ್ಲಿರುವ ತಳಗ್ರಂಥಿಗಳು ಮತ್ತು ಬಿಳಿದ್ರವ್ಯದ ಭಾಗಗಳು ಈ ಹಾನಿಗೆ ಹೆಚ್ಚಾಗಿ ತುತ್ತಾಗುತ್ತವೆ. ಚಲನೆಯ ವೇಗ, ಗಮನವನ್ನು ಒಂದರಿಂದ ಮತ್ತೊಂದಕ್ಕೆ ಹೊರಳಿಸುವುದು, ಯೋಜಿಸುವುದು, ಬೇಕಾದ ನೆನಪನ್ನು ಬೇಕಾದಾಗ ಹೊರತೆಗೆಯುವುದು ಇವೆಲ್ಲ ಈ ಭಾಗಗಳನ್ನು ಅವಲಂಬಿಸಿವೆ. ಹೀಗಾಗಿ ಎಚ್‌ಐವಿಯಿಂದ ಬರುವ ಅರಿವಿನ ಕುಂದು ಮುಪ್ಪಿನ ಅಲ್ಝೈಮರ್ ಕಾಯಿಲೆಯ ಮರೆವಿಗಿಂತ ಭಿನ್ನ. ಅಲ್ಝೈಮರ್‌ನಲ್ಲಿ ಹೊಸ ಅನುಭವ ಕಣಜಕ್ಕೆ ಸೇರುವುದೇ ಇಲ್ಲ. ಸುಳಿವು ಕೊಟ್ಟರೂ ನೆನಪು ಬರುವುದು ಕಷ್ಟ. ಎಚ್‌ಐವಿಯ ಸಂದರ್ಭದಲ್ಲಿ ಕಣಜದಲ್ಲಿ ಕಾಳು ಬಹುಮಟ್ಟಿಗೆ ಇರುತ್ತದೆ, ತೆಗೆಯುವ ಬಾಗಿಲು ಬಿಗಿಯಾಗಿರುತ್ತದೆ. ತಕ್ಕ ಸುಳಿವು ಸಿಕ್ಕರೆ ಅನೇಕ ವೇಳೆ ನೆನಪು ಮರಳುತ್ತದೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಮೊದಲನೆಯ ಬಗೆಯ ಮರೆವನ್ನು ಹಿಡಿದಿಟ್ಟಿದೆ. ಎರಡನೆಯದಕ್ಕೆ ಸಮೀಪವಾದ ಪದವೂ ಜನಬಳಕೆಯಲ್ಲಿದೆ. ಅದು ‘ಮಂಕು’. ದೀಪ ಮಂಕಾಯಿತೆಂದರೆ ಆರಿಲ್ಲ, ಬೆಳಕು ಕುಗ್ಗಿದೆ ಎಂದರ್ಥ. ಮಂಕು ಕವಿದವನು ಎಲ್ಲವನ್ನೂ ಬಲ್ಲ, ಆದರೆ ತಡವಾಗಿ ಬಲ್ಲ. ನಿಧಾನಗತಿ, ನಿರಾಸಕ್ತಿ, ಗಮನದ ಕೊರತೆ ಈ ಮೂರನ್ನೂ ಒಂದೇ ಪದದಲ್ಲಿ ಸೂಚಿಸುವ ಸಾಮರ್ಥ್ಯ ವೈದ್ಯಕೀಯ ಕನ್ನಡದ ‘ಬುದ್ಧಿಮಾಂದ್ಯ’, ‘ಚಿತ್ತವೈಕಲ್ಯ’ಗಳಿಗಿಲ್ಲ, ಅವು ಇಲ್ಲದ ಕಳಂಕವನ್ನೂ ಹೊತ್ತು ತರುತ್ತವೆ.

ಭಾರತದ ಸಂದರ್ಭಕ್ಕೆ ಬಂದಾಗ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ೧೯೮೯ರಿಂದ ೧೯೯೬ರವರೆಗಿನ ಎಚ್‌ಐವಿ ಸಂಬಂಧಿ ನರರೋಗಗಳ ವಿವರಗಳನ್ನು ೨೦೦೦ದಲ್ಲಿ ಪ್ರಕಟಿಸಿತು. ಅಲ್ಲಿ ಎದ್ದು ಕಂಡದ್ದು ಕ್ಷಯದ ಮತ್ತು ಕ್ರಿಪ್ಟೊಕಾಕಸ್ ಶಿಲೀಂಧ್ರದ ಮಿದುಳುಪೊರೆಯುರಿತ, ಟಾಕ್ಸೊಪ್ಲಾಸ್ಮಾ ಮುಂತಾದ ಅವಕಾಶವಾದಿ ಸೋಂಕುಗಳು. ವೈರಾಣುವೇ ನೇರವಾಗಿ ಉಂಟುಮಾಡುವ ಡಿಮೆನ್ಷಿಯಾ ಪಾಶ್ಚಾತ್ಯ ದೇಶಗಳಲ್ಲಿ ಕಂಡಷ್ಟು ಇಲ್ಲಿ ಕಾಣಲಿಲ್ಲ. ಇದಕ್ಕೆ ಎರಡು ವಿವರಣೆಗಳು ಸಾಧ್ಯವಿದ್ದವು. ಔಷಧಿ ದೊರೆಯದ ಆ ದಿನಗಳಲ್ಲಿ ರೋಗಿಗಳು ಕ್ಷಯ ಮೊದಲಾದವುಗಳಿಂದ ಬೇಗನೆ ಸಾಯುತ್ತಿದ್ದುದರಿಂದ ಡಿಮೆನ್ಷಿಯಾ ಬಲಿಯುವಷ್ಟು ಕಾಲವೇ ಸಿಗಲಿಲ್ಲ ಎಂಬುದು ಒಂದು. ಭಾರತದಲ್ಲಿ ಹರಡಿರುವ ವೈರಾಣುವಿನ ಪ್ರಭೇದವೇ ಬೇರೆ ಎಂಬುದು ಇನ್ನೊಂದು.

ಈ ಎರಡನೆಯ ವಿವರಣೆಗೆ ಬೆಂಗಳೂರಿನಿಂದಲೇ ಆಧಾರ ದೊರೆಯಿತು. ಯುರೋಪು, ಅಮೆರಿಕಗಳಲ್ಲಿ ‘ಬಿ’ ಉಪಪ್ರಭೇದ ಪ್ರಧಾನವಾಗಿದ್ದರೆ ಭಾರತದಲ್ಲಿ ‘ಸಿ’ ಉಪಪ್ರಭೇದ ಪ್ರಧಾನ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯ ರಂಗ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಸಿ ಪ್ರಭೇದದ ಟ್ಯಾಟ್ ಪ್ರೋಟೀನಿನ ಮೂವತ್ತೊಂದನೆಯ ಸ್ಥಾನದಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲದ ಬದಲಿಗೆ ಸಾಮಾನ್ಯವಾಗಿ ಸೆರೀನ್ ಇರುತ್ತದೆ. ಈ ಒಂದು ಅಕ್ಷರದ ವ್ಯತ್ಯಾಸದಿಂದ ಬಿಳಿ ರಕ್ತಕಣಗಳನ್ನು ತನ್ನತ್ತ ಸೆಳೆಯುವ ಟ್ಯಾಟ್‌ನ ಶಕ್ತಿ ಕುಂದುತ್ತದೆ. ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಪಂಕಜ್ ಸೇಠ್ ಅವರ ತಂಡ ೨೦೦೮ರಲ್ಲಿ ಸಿ ಪ್ರಭೇದದ ಟ್ಯಾಟ್ ಮಾನವ ನರಕೋಶಗಳಿಗೆ ಬಿ ಪ್ರಭೇದದಷ್ಟು ವಿಷಕಾರಿಯಲ್ಲವೆಂದು ತೋರಿಸಿತು. ಭಾರತದ ವೈರಾಣು ಮಿದುಳಿನ ಮಟ್ಟಿಗೆ ಸೌಮ್ಯವಾದುದು ಎಂಬ ಸಮಾಧಾನಕರ ತೀರ್ಮಾನಕ್ಕೆ ಇವೆರಡೂ ಇಂಬು ನೀಡುವಂತಿದ್ದವು.

ಆದರೆ ರೋಗಿಗಳನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸಿದವರು ಬೇರೆಯೇ ಚಿತ್ರವನ್ನು ಕಂಡರು. ನಿಮ್ಹಾನ್ಸ್‌ನ ತಂಡವೊಂದು ಇನ್ನೂ ಔಷಧಿ ಆರಂಭಿಸದ ದಕ್ಷಿಣ ಭಾರತದ ಸೋಂಕಿತರನ್ನು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅಲ್ಪ ಅಥವಾ ಮಧ್ಯಮ ಪ್ರಮಾಣದ ಅರಿವಿನ ಕುಂದು ಕಂಡುಬಂದಿತು. ಪದಗಳನ್ನು ಸರಾಗವಾಗಿ ಹೇಳುವುದು, ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಲೆಕ್ಕ ಮಾಡುವುದು, ಹೊಸದನ್ನು ಕಲಿತು ನೆನೆಯುವುದು ಈ ಕ್ಷೇತ್ರಗಳಲ್ಲಿ ಕೊರತೆ ಕಂಡಿತು. ತೀವ್ರ ಸ್ವರೂಪದ ಕುಂದು ಕಾಣಲಿಲ್ಲ. ಚೆನ್ನೈನಿಂದಲೂ ೨೦೦೬ರಲ್ಲಿ ಅರಿವಿನ ಕುಂದಿನ ವರದಿ ಬಂದಿತ್ತು. ಪ್ರಯೋಗಶಾಲೆಯ ಸೌಮ್ಯ ವೈರಾಣುವಿಗೂ ಪರೀಕ್ಷಾ ಕೊಠಡಿಯ ಮಂಕಿಗೂ ಹೊಂದಾಣಿಕೆ ಹೇಗೆ? ಸೌಮ್ಯವೆಂದರೆ ನಿರಪಾಯವೆಂದಲ್ಲ, ತೀವ್ರ ಡಿಮೆನ್ಷಿಯಾ ಅಪರೂಪವಾಗಿ, ಅಲ್ಪ ಕುಂದು ವ್ಯಾಪಕವಾಗಿ ಇರಬಹುದು. ಅಪೌಷ್ಟಿಕತೆ, ರಕ್ತಹೀನತೆ, ಖಿನ್ನತೆ, ಮದ್ಯಪಾನ ಇವೂ ಅರಿವನ್ನು ಕುಗ್ಗಿಸುತ್ತವೆ. ಇಷ್ಟಾದ ಮೇಲೂ ಒಂದು ಸಂಶಯ ಉಳಿಯುತ್ತದೆ: ಪರೀಕ್ಷೆ ಅಳೆಯುತ್ತಿರುವುದು ಮಿದುಳನ್ನೋ ಶಾಲೆಯನ್ನೋ?

ಈ ಸಂಶಯ ಹೊಸದಲ್ಲ. ೧೯೩೧-೩೨ರಲ್ಲಿ ರಷ್ಯದ ಮನೋವಿಜ್ಞಾನಿ ಎ. ಆರ್. ಲೂರಿಯಾ ಉಜ್ಬೆಕಿಸ್ತಾನದ ನಿರಕ್ಷರ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ಈ ನಾಲ್ಕನ್ನು ಇಟ್ಟು ಗುಂಪಿಗೆ ಸೇರದುದನ್ನು ತೆಗೆಯಲು ಕೇಳಿದರು. ಶಾಲೆ ಕಲಿತವರಿಗೆ ದಿಮ್ಮಿ ಹೊರಗಿನದು. ರೈತರಿಗೆ ಎಲ್ಲವೂ ಒಟ್ಟಿಗೇ ಬೇಕಾದವು. ಕಡಿಯಲು ದಿಮ್ಮಿ ಇಲ್ಲದಿದ್ದರೆ ಕೊಡಲಿ ಏಕೆ? ಉತ್ತರ ತಪ್ಪಾಗಿದ್ದುದು ಪರೀಕ್ಷಕರ ಲೆಕ್ಕದಲ್ಲಿ ಮಾತ್ರ.

ಎಚ್‌ಐವಿ ಕ್ಷೇತ್ರದಲ್ಲಿ ಈ ತೊಡಕನ್ನು ನಿವಾರಿಸಲೆಂದೇ ರೂಪುಗೊಂಡದ್ದು ‘ಅಂತರರಾಷ್ಟ್ರೀಯ ಎಚ್‌ಐವಿ ಡಿಮೆನ್ಷಿಯಾ ಮಾಪಕ’. ಸ್ಯಾಕ್ಟರ್ ಮತ್ತು ಸಂಗಡಿಗರು ಅಮೆರಿಕೆಯ ಬಾಲ್ಟಿಮೋರ್ ಹಾಗೂ ಉಗಾಂಡದ ಕಂಪಾಲಾದಲ್ಲಿ ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ಈ ಮಾಪಕಕ್ಕೆ ಓದುಬರಹ ಬೇಕಿಲ್ಲ. ಐದು ಸೆಕೆಂಡುಗಳಲ್ಲಿ ಹೆಬ್ಬೆರಳು-ತೋರುಬೆರಳುಗಳನ್ನು ಎಷ್ಟು ಬಾರಿ ತಾಗಿಸಬಲ್ಲರು. ಮುಷ್ಟಿ, ಅಂಗೈ, ಕೈಯ ಅಂಚು ಈ ಮೂರನ್ನು ಕ್ರಮವಾಗಿ ಹತ್ತು ಸೆಕೆಂಡುಗಳಲ್ಲಿ ಎಷ್ಟು ಸುತ್ತು ಮಾಡಬಲ್ಲರು. ಆರಂಭದಲ್ಲಿ ಹೇಳಿದ ನಾಲ್ಕು ಪದಗಳಲ್ಲಿ ಎಷ್ಟನ್ನು ನೆನಪಿಟ್ಟುಕೊಂಡಿದ್ದಾರೆ ಇವೇ ಮೂರು ಭಾಗಗಳು. ಒಟ್ಟು ಹನ್ನೆರಡು ಅಂಕ. ಹತ್ತು ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಅಗತ್ಯ.

ಸರಳವಾಗಿ ಕಾಣುವ ಆ ನಾಲ್ಕು ಪದಗಳೆಂದರೆ ನಾಯಿ, ಟೋಪಿ, ಬೀನ್ಸ್, ಕೆಂಪು. ನೆನಪಾಗದಿದ್ದರೆ ಕ್ರಮವಾಗಿ ಪ್ರಾಣಿ, ಉಡುಪು, ತರಕಾರಿ, ಬಣ್ಣ ಎಂಬ ಸುಳಿವು ಕೊಡಬೇಕು. ಸುಳಿವಿನಿಂದ ಹೇಳಿದರೆ ಅರ್ಧ ಅಂಕ. ಈ ಪಟ್ಟಿಯನ್ನು ಪದಶಃ ಕನ್ನಡಕ್ಕೆ ತಂದರೆ ಏನಾಗುತ್ತದೆ ಎಂಬುದನ್ನು ಗಮನಿಸಬಹುದು. ಮೂರನೆಯ ಪದವನ್ನು ಹುರುಳಿ ಎಂದೋ ಅವರೆ ಎಂದೋ ಹೇಳಿದರೆ ಹಳ್ಳಿಯವರಿಗೆ ಅದು ಮೊದಲು ಕಾಳು. ‘ತರಕಾರಿ’ ಎಂಬ ಸುಳಿವು ಅವರನ್ನು ಬದನೆಯ ಕಡೆಗೋ ಬೆಂಡೆಯ ಕಡೆಗೋ ಕೊಂಡೊಯ್ದೀತು. ಹುರುಳಿಕಾಯಿ ಎಂದರೆ ಸುಳಿವು ಕೂಡಿಬರುತ್ತದೆ. ಟೋಪಿಯ ಕಥೆ ಬೇರೆ. ಸೀರೆ ಉಡುವ ಹೆಂಗಸಿಗೆ ‘ಉಡುಪು’ ಎಂಬ ಸುಳಿವಿನಿಂದ ಟೋಪಿ ಹೊಳೆಯುವುದು ಸುಲಭವಲ್ಲ. ಮೇಲಾಗಿ ‘ಟೋಪಿ ಹಾಕು’ ಎಂಬ ನುಡಿಗಟ್ಟಿನ ನೆರಳು ಆ ಪದದ ಮೇಲಿದೆ. ಉಡುಪು ಎಂಬುದೇ ಪುಸ್ತಕದ ಪದ, ಬಟ್ಟೆ ಎಂಬುದು ಮನೆಯ ಪದ. ಅಂಕಗಳು ಕೇವಲ ಹನ್ನೆರಡಿರುವ ಮಾಪಕದಲ್ಲಿ ಒಂದು ಪದದ ಆಯ್ಕೆಯೇ ಒಬ್ಬ ವ್ಯಕ್ತಿಯನ್ನು ಗೆರೆಯ ಈಚೆಯಿಂದ ಆಚೆಗೆ ತಳ್ಳಬಲ್ಲುದು.

ಸುಳಿವಿಗೆ ಅರ್ಧ ಅಂಕ ಎಂಬ ನಿಯಮ ಜಾನಪದ ಅಧ್ಯಯನಕ್ಕೆ ಇನ್ನೂ ಆಸಕ್ತಿಕರ. ಮೌಖಿಕ ಪರಂಪರೆಯಲ್ಲಿ ಸುಳಿವಿಲ್ಲದ ನೆನಪೇ ಇಲ್ಲ. ಬೀಸುವ ಪದ ಹಾಡುವಾಕೆಗೆ ಕಲ್ಲಿನ ಸುತ್ತು ಸುಳಿವು. ಕಂಸಾಳೆಯವರಿಗೆ ತಾಳ ಮತ್ತು ಹಿಮ್ಮೇಳದ ಸೊಲ್ಲು ಸುಳಿವು. ಒಗಟು ಇಡಿಯಾಗಿ ಸುಳಿವಿನ ಆಟವೇ. ಫಿನ್ಲೆಂಡಿನ ಲೌರಿ ಹಾಂಕೊ ೧೯೯೦ರಲ್ಲಿ ತುಳುನಾಡಿನ ಗೋಪಾಲ ನಾಯ್ಕರಿಂದ ಸಂಗ್ರಹಿಸಿ ೧೯೯೮ರಲ್ಲಿ ಪ್ರಕಟಿಸಿದ ಸಿರಿ ಮಹಾಕಾವ್ಯದಲ್ಲಿ ೧೫,೬೮೩ ಸಾಲುಗಳಿವೆ. ಅಂತಹ ಕಾವ್ಯ ಗಾಯಕನ ಮನಸ್ಸಿನಲ್ಲಿ ಸಾಲುಸಾಲಾಗಿ ಪೇರಿಸಿಟ್ಟ ಪಠ್ಯವಾಗಿರದೆ, ಕಥಾಘಟಕ, ಸಿದ್ಧ ನುಡಿ, ಪ್ರದರ್ಶನದ ಸಂದರ್ಭಗಳ ಹೆಣಿಗೆಯಾಗಿರುತ್ತದೆ ಎಂಬುದು ಹಾಂಕೊ ಅವರ ‘ಮಾನಸಿಕ ಪಠ್ಯ’ದ ಪರಿಕಲ್ಪನೆಯ ತಿರುಳು. ಸಂಬಂಧವಿಲ್ಲದ ನಾಲ್ಕು ಪದಗಳನ್ನು ಸುಳಿವಿಲ್ಲದೆ ಒಪ್ಪಿಸುವುದು ಶಾಲೆಯಲ್ಲಿ ರೂಢಿಯಾಗುವ ಕೌಶಲ. ಅದನ್ನು ರೂಢಿಸಿಕೊಳ್ಳದವರಲ್ಲಿ ಸುಳಿವಿನ ಅಗತ್ಯ ಕಂಡುಬಂದರೆ ಅದು ವೈರಾಣುವಿನ ಗುರುತೋ ಮೌಖಿಕ ಸಂಸ್ಕೃತಿಯ ಗುರುತೋ ಎಂಬುದನ್ನು ಅದೇ ಸಮುದಾಯದ ಸೋಂಕಿಲ್ಲದವರೊಡನೆ ಹೋಲಿಸದೆ ಹೇಳಲಾಗದು. ನಿಮ್ಹಾನ್ಸ್ ೨೦೦೪ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾಮಾಲೆ ವಯಸ್ಸು, ಲಿಂಗ, ಶಿಕ್ಷಣಗಳಿಗೆ ತಕ್ಕಂತೆ ಬೇರೆ ಬೇರೆ ಮಾನದಂಡಗಳನ್ನು ನಿಗದಿಪಡಿಸಿರುವುದು ಈ ದೃಷ್ಟಿಯಿಂದ ದೊಡ್ಡ ಕೆಲಸ. ಆದರೆ ಅಂತಹ ಪೂರ್ಣ ಪರೀಕ್ಷೆಗೆ ತರಬೇತಿ ಪಡೆದ ಮನೋವಿಜ್ಞಾನಿ ಬೇಕು, ಗಂಟೆಗಟ್ಟಲೆ ಕಾಲ ಬೇಕು. ತಾಲ್ಲೂಕು ಆಸ್ಪತ್ರೆಯ ಜನಜಂಗುಳಿಯಲ್ಲಿ ಎರಡೂ ದುರ್ಲಭ.

ತಪ್ಪು ಎರಡು ಕಡೆಗೂ ಆಗಬಹುದು. ೨೦೦೭ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ವರ್ಗೀಕರಣವು ದೈನಂದಿನ ಬದುಕಿಗೆ ಯಾವ ಅಡ್ಡಿಯೂ ಇಲ್ಲದಿದ್ದರೂ ಪರೀಕ್ಷೆಯಲ್ಲಿ ಹಿಂದುಳಿದವರನ್ನು ‘ಲಕ್ಷಣರಹಿತ ಕುಂದು’ ಉಳ್ಳವರೆಂದು ಗುರುತಿಸಿತು. ೨೦೧೦ರಲ್ಲಿ ಪ್ರಕಟವಾದ ಅಮೆರಿಕೆಯ ‘ಚಾರ್ಟರ್’ ಅಧ್ಯಯನದ ೧,೫೫೫ ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಒಂದಿಲ್ಲೊಂದು ಬಗೆಯ ಕುಂದಿನ ಪಟ್ಟಿಗೆ ಸೇರಿದರು. ಅವರಲ್ಲಿ ಬಹುಪಾಲು ಈ ಲಕ್ಷಣರಹಿತ ವರ್ಗದವರು, ಡಿಮೆನ್ಷಿಯಾ ಇದ್ದವರು ಶೇಕಡ ಎರಡರಷ್ಟು ಮಾತ್ರ. ಈ ಮಾನದಂಡದಿಂದ ಅಳೆದರೆ ಆರೋಗ್ಯವಂತರಲ್ಲಿಯೂ ಐವರಲ್ಲಿ ಒಬ್ಬರು ಕುಂದುಳ್ಳವರಾಗುತ್ತಾರೆ ಎಂದು ೨೦೧೧ರಲ್ಲಿ ಗಿಸ್ಲೆನ್ ಮತ್ತು ಸಂಗಡಿಗರು ಆಕ್ಷೇಪಿಸಿದರು. ಕೊನೆಗೆ ೨೦೨೩ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು, ಪರೀಕ್ಷೆಯ ಕಡಿಮೆ ಅಂಕವನ್ನಷ್ಟೇ ಆಧರಿಸಿ ಅರಿವಿನ ಕುಂದು ಎಂದು ಹೆಸರಿಸಬಾರದು, ವ್ಯಕ್ತಿಯ ಶಿಕ್ಷಣ, ಸಾಮಾಜಿಕ ಹಿನ್ನೆಲೆ ಮತ್ತು ಚಿಕಿತ್ಸಕ ಚಿತ್ರಣವನ್ನು ಒಟ್ಟಾಗಿ ನೋಡಬೇಕು ಎಂದು ಶಿಫಾರಸು ಮಾಡಿತು. ಮೌಖಿಕ ಪರಂಪರೆಯ ಅಧ್ಯೇತೃಗಳಿಗೆ ಇದು ತಡವಾಗಿ ಬಂದ ಮಾತೆನಿಸಿದರೆ ಆಶ್ಚರ್ಯವಿಲ್ಲ.

ಇದರರ್ಥ ಎಲ್ಲ ಕುಂದೂ ಸಂಸ್ಕೃತಿಯ ಭ್ರಮೆ ಎಂದಲ್ಲ. ಹಾಗೆ ತಿಳಿದರೆ ಅಪಾಯ ಇನ್ನೂ ಹೆಚ್ಚು. ೨೦೦೦ದ ದಶಕದಲ್ಲಿ ಬಾಗಲಕೋಟೆ, ಬೆಳಗಾವಿಗಳಂತಹ ಜಿಲ್ಲೆಗಳಲ್ಲಿ ಸೋಂಕಿನ ಪ್ರಮಾಣ ಅಧಿಕವಾಗಿತ್ತು. ಭಾರತ ಸರ್ಕಾರ ೨೦೦೪ರ ಏಪ್ರಿಲ್‌ನಿಂದ ಉಚಿತ ಔಷಧಿ ನೀಡಲಾರಂಭಿಸಿತು. ೨೦೧೭ರಿಂದ ಸಿಡಿ-೪ ಕಣಗಳ ಸಂಖ್ಯೆ ಎಷ್ಟೇ ಇರಲಿ ಸೋಂಕಿತರೆಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದಿತು. ಅಂದು ಔಷಧಿ ಆರಂಭಿಸಿದ ಅನೇಕರು ಈಗ ಐವತ್ತು ದಾಟಿದ್ದಾರೆ. ಔಷಧಿಯಿಂದ ತೀವ್ರ ಡಿಮೆನ್ಷಿಯಾ ಬಹಳ ಮಟ್ಟಿಗೆ ಇಳಿದಿದೆ. ಆದರೂ ಕೆಲವರಲ್ಲಿ ರಕ್ತದಲ್ಲಿ ವೈರಾಣು ಕಾಣದಿದ್ದರೂ ಮಿದುಳು-ಬೆನ್ನುಹುರಿಯ ದ್ರವದಲ್ಲಿ ಉಳಿದುಕೊಳ್ಳುವುದುಂಟು. ಇಂತಹವರಿಗೆ ಔಷಧಿಯನ್ನು ಬದಲಿಸಿದಾಗ ಮಂಕು ಹರಿದ ನಿದರ್ಶನಗಳಿವೆ. ಮಂಕಿನ ಹಿಂದೆ ಕ್ಷಯದ ಮಿದುಳುಪೊರೆಯುರಿತವೇ ಅಡಗಿದ್ದರೆ ಒಂದು ವಾರದ ವಿಳಂಬವೂ ಜೀವಕ್ಕೆ ಎರವಾದೀತು. ಇನ್ನು, ಗುಳಿಗೆ ನುಂಗುವುದನ್ನೇ ಮರೆಯುವವನಲ್ಲಿ ವೈರಾಣು ಮತ್ತೆ ಹೆಚ್ಚಿ, ಆ ಹೆಚ್ಚಳ ಮರೆವನ್ನು ಮತ್ತಷ್ಟು ಹೆಚ್ಚಿಸುವ ಸುಳಿ ಏಳುತ್ತದೆ. ಇಲ್ಲಿ ಸುಳಿವಿನ ವಿಚಾರ ಮತ್ತೆ ಉಪಯುಕ್ತ. ದೇವರ ದೀಪ ಹಚ್ಚುವ ಹೊತ್ತು, ಹಾಲು ಕರೆಯುವ ಹೊತ್ತು ಇಂತಹ ದಿನಚರಿಯ ಗೂಟಕ್ಕೆ ಗುಳಿಗೆಯನ್ನು ಕಟ್ಟಿಹಾಕಿದರೆ, ಗಡಿಯಾರದ ಅಂಕಿಗಿಂತ ಅದು ಗಟ್ಟಿಯಾಗಿ ನಿಲ್ಲುವ ಸಂಭವ ಹೆಚ್ಚು.

ಸ್ವಿಟ್ಜರ್ಲೆಂಡಿನ ಸಂಶೋಧಕರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಮೂರು ಸರಳ ಪ್ರಶ್ನೆಗಳು ಬಳಕೆಗೆ ಬಂದವು: ಆಗಾಗ್ಗೆ ಮರೆಯುತ್ತೀರಾ, ಯೋಚಿಸಿ ಕೆಲಸ ಮಾಡುವುದರಲ್ಲಿ ನಿಧಾನವಾಗಿದ್ದೀರಾ, ಗಮನ ನಿಲ್ಲಿಸುವುದು ಕಷ್ಟವಾಗಿದೆಯೇ. ಕನ್ನಡದ ಹಳ್ಳಿಗಳಲ್ಲಿ ಇವನ್ನು ಹೀಗೆಯೇ ಕೇಳಿದರೆ ‘ಎಲ್ಲರಿಗೂ ಇರೋದೇ’ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಸಂತೆಯಲ್ಲಿ ಚಿಲ್ಲರೆ ಎಣಿಸುವುದಕ್ಕೆ ಮೊದಲಿಗಿಂತ ಹೊತ್ತು ಹಿಡಿಯುತ್ತದೆಯೇ, ಒಲೆಯ ಮೇಲೆ ಇಟ್ಟದ್ದು ಸೀದು ಹೋಗುತ್ತಿದೆಯೇ, ಹಾಡುವಾಗ ಸೊಲ್ಲು ಎತ್ತಿಕೊಡದೆ ಮುಂದಿನದು ಬರುತ್ತಿಲ್ಲವೇ, ಕಳೆದ ಸುಗ್ಗಿಯಲ್ಲಿ ಒಬ್ಬರೇ ಮಾಡುತ್ತಿದ್ದ ಕೆಲಸಕ್ಕೆ ಈ ಸುಗ್ಗಿಯಲ್ಲಿ ಇನ್ನೊಬ್ಬರು ಬೇಕಾದರೇ ಎಂದು ಕೇಳಿದರೆ ಉತ್ತರ ಬೇರೆಯಾದೀತು. ಇಂತಹ ಪ್ರಶ್ನೆಗಳನ್ನು ಪ್ರದೇಶವಾರು ಸಂಗ್ರಹಿಸಿ, ಸೋಂಕಿಲ್ಲದವರಲ್ಲಿ ಮೊದಲು ಪರಿಶೀಲಿಸಿ, ಆಪ್ತಸಮಾಲೋಚಕರ ಕೈಗೆ ಕೊಡುವ ಕೆಲಸ ನರವಿಜ್ಞಾನಿ ಮತ್ತು ಕ್ಷೇತ್ರಕಾರ್ಯಕರ್ತರು ಕೂಡಿಯೇ ಮಾಡಬೇಕಾದುದು.